ಜಾಸ್ತಿ ಆಡಿದಷ್ಟೂ ಇಳಿಯುವ ಸರಾಸರಿ: ಬೇಸ್‌ಬಾಲ್‌ನ .300 ಗೆರೆಯನ್ನು ಓದುವುದು ಹೇಗೆ?

ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗ್‌ನ 2025ರ ಸೀಸನ್ ಮುಗಿದಾಗ, ಅದರ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟ (ಅತಿ ಹೆಚ್ಚು ಸರಾಸರಿಯವರಿಗೆ ಸಿಗುವಂಥದ್ದು) ಫಿಲಡೆಲ್ಫಿಯಾ ತಂಡದ ಟ್ರೇ ಟರ್ನರ್‌ಗೆ ಹೋಯಿತು. ಅವರ ಸರಾಸರಿ .304. ಆ ಲೀಗಿನಲ್ಲಿ ಇಷ್ಟು ಕಡಿಮೆ ಸರಾಸರಿಗೆ ಅದುವರೆಗೆ ಯಾರೂ ಪಟ್ಟ ಗೆದ್ದಿರಲಿಲ್ಲ. ಹಿಂದಿನ ಕನಿಷ್ಠ ದಾಖಲೆ 1988ರಲ್ಲಿ ಟೋನಿ ಗ್ವಿನ್ ಅವರ .313. 2025ರಲ್ಲೇ ಮೈಕ್ ಟ್ರೌಟ್ ತಮ್ಮ 400ನೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದರು. ಈ ತಲೆಮಾರಿನ ಅತಿ ದೊಡ್ಡ ಬ್ಯಾಟರ್ ಎಂದು ವರ್ಷಗಟ್ಟಲೆ ಕರೆಸಿಕೊಂಡವರು ಅವರು. ಆದರೆ ಅವರ ವೃತ್ತಿಜೀವನದ ಸರಾಸರಿ .300ರ ಕೆಳಗೆ ಜಾರಿ .294ಕ್ಕೆ ಬಂದು ನಿಂತಿತ್ತು.

ಇದನ್ನು ನೋಡಿ ಹಳೆಯ ಅಭಿಮಾನಿಗಳು ಬೇಸರ ಮಾಡಿಕೊಳ್ಳುತ್ತಾರೆ. ಈಗಿನವರಿಗೆ ಬ್ಯಾಟ್ ಹಿಡಿಯೋಕೆ ಬರಲ್ಲ, ಹೋಮ್ ರನ್ ಬಿಟ್ಟರೆ ಬೇರೇನೂ ಬೇಕಿಲ್ಲ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ .300 ಗೆರೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ನೋಡದೆ ಕೊಡುವ ತೀರ್ಪು ಅದು. ಅದರಲ್ಲೂ ಹದಿನೈದು ಇಪ್ಪತ್ತು ವರ್ಷ ಆಡಿದವರ ವಿಷಯದಲ್ಲಿ ಈ ಗೆರೆ ತುಂಬಾ ಅನ್ಯಾಯ ಮಾಡುತ್ತದೆ.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಕ್ರಿಕೆಟ್‌ನಲ್ಲಿ ರನ್‌ಗಳನ್ನು ಔಟಾದ ಸಲಗಳಿಂದ ಭಾಗಿಸುತ್ತೇವೆ. ಹಾಗಾಗಿ ಬ್ರಾಡ್ಮನ್ ಅವರ 99.94 ಸಾಧ್ಯವಾಯಿತು. ಒಬ್ಬ ಮನುಷ್ಯ ಒಂದೇ ಇನಿಂಗ್ಸಿನಲ್ಲಿ ಮುನ್ನೂರು ಹೊಡೆದು ಹತ್ತು ಸೋಲುಗಳನ್ನು ಮುಚ್ಚಿಹಾಕಬಹುದು. ಬೇಸ್‌ಬಾಲ್‌ನಲ್ಲಿ ಆ ಅವಕಾಶ ಇಲ್ಲ. ಬ್ಯಾಟ್ ಮಾಡಲು ಬಂದ ಪ್ರತಿ ಸಲವೂ ಉತ್ತರ ಎರಡೇ: ಹಿಟ್ ಆಯಿತು, ಇಲ್ಲ ಆಗಲಿಲ್ಲ. ಚೆಂಡು ಹೊಡೆದು, ಔಟಾಗದೆ ಓಡಿ ಬೇಸ್ ಎಂಬ ನಿಲುಗಡೆ ಮುಟ್ಟಿದರೆ ಅದು ಹಿಟ್. ಒಟ್ಟು ಹಿಟ್‌ಗಳನ್ನು 'ಅಟ್ ಬ್ಯಾಟ್' ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಹತ್ತು ಸಲಕ್ಕೆ ಮೂರು ಹಿಟ್ ಆದರೆ .300. ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದರೆ ಅದು 'ವಾಕ್'. ಅದು ಈ ಲೆಕ್ಕದಲ್ಲೇ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಊಹೆಯ ಉದಾಹರಣೆ. ಒಬ್ಬ ಬ್ಯಾಟರ್ 7,000 ಅಟ್ ಬ್ಯಾಟ್‌ಗಳಲ್ಲಿ 2,100 ಹಿಟ್ ಗಳಿಸಿದ್ದಾನೆ. ಸರಿಯಾಗಿ .300. ಅವನಿಗೆ ಮೂವತ್ತಾರು ವರ್ಷ ಆಯಿತು, ಮಂಡಿ ನೋವು ಶುರುವಾಯಿತು. ಮುಂದಿನ ಸೀಸನ್‌ನಲ್ಲಿ 500 ಸಲ ಬ್ಯಾಟ್ ಮಾಡಿ 120 ಹಿಟ್ ಅಷ್ಟೇ ಗಳಿಸಿದ. ಆ ವರ್ಷದ ಸರಾಸರಿ .240. ಒಟ್ಟು ಸರಾಸರಿ .296 ಆಗುತ್ತದೆ. ಮತ್ತೆ .300 ಮುಟ್ಟಬೇಕಾದರೆ ಅದರ ಮುಂದಿನ ವರ್ಷ 500 ಸಲಕ್ಕೆ 180 ಹಿಟ್ ಬೇಕು, ಅಂದರೆ .360. ಮೂವತ್ತೇಳನೇ ವಯಸ್ಸಿನಲ್ಲಿ ಯಾರು ಹಾಗೆ ಹೊಡೆಯುತ್ತಾರೆ? ಕೆಳಗೆ ಇಳಿಯೋಕೆ ಒಂದು ಸಾಧಾರಣ ವರ್ಷ ಸಾಕು. ಮೇಲೆ ಬರೋಕೆ ಜೀವಮಾನದ ಅತ್ಯುತ್ತಮ ವರ್ಷವೇ ಬೇಕು.

ಮಿಕ್ಕಿ ಮ್ಯಾಂಟಲ್‌ಗೆ ಆಗಿದ್ದು ಇದೇ. ನ್ಯೂಯಾರ್ಕ್ ಯಾಂಕೀಸ್ ತಂಡದ ಈ ದೈತ್ಯ 1964ರ ಕೊನೆಗೆ .309ರಲ್ಲಿದ್ದರು. ಕಾಲುಗಳು ಆಗಲೇ ಸೋತಿದ್ದವು. ಆದರೂ ಇನ್ನೂ ನಾಲ್ಕು ವರ್ಷ ಆಡಿದರು. ಆ ನಾಲ್ಕು ವರ್ಷಗಳ ಸರಾಸರಿ ಕ್ರಮವಾಗಿ .255, .288, .245, .237. ಕೊನೆಗೆ 8,102 ಅಟ್ ಬ್ಯಾಟ್, 2,415 ಹಿಟ್, ಸರಾಸರಿ .298. ಇನ್ನು 16 ಹಿಟ್ ಬಂದಿದ್ದರೆ .300 ಇರುತ್ತಿತ್ತು. ಹದಿನೆಂಟು ವರ್ಷಗಳ ಆಟದಲ್ಲಿ ಹದಿನಾರು ಹಿಟ್! ಈ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಟ್ರೌಟ್ ಅವರನ್ನು ಮೊದಲಿನಿಂದಲೂ ಮ್ಯಾಂಟಲ್ ಜೊತೆ ಹೋಲಿಸುತ್ತಿದ್ದರು. ಗಾಯಗಳ ನಡುವೆ ಈಗ ಈ ಒಂದು ವಿಷಯದಲ್ಲೂ ಇಬ್ಬರೂ ಒಂದೇ ದಾರಿ ಹಿಡಿದಿದ್ದಾರೆ.

ಆಲ್ಬರ್ಟ್ ಪೂಹೋಲ್ಸ್ ಕಥೆ ಇನ್ನೂ ಉದ್ದ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಮೊದಲ ಹನ್ನೊಂದು ವರ್ಷ ಆಡಿದಾಗ ಅವರ ಸರಾಸರಿ .328. ಆಗಲೇ ನಿವೃತ್ತಿ ಪಡೆದಿದ್ದರೆ ಆ ಸಂಖ್ಯೆಯನ್ನು ನೋಡಿ ಎಲ್ಲರೂ ಬೆರಗಾಗುತ್ತಿದ್ದರು. ಅವರು ಇನ್ನೂ ಹನ್ನೊಂದು ವರ್ಷ ಆಡಿದರು. ಕೊನೆಗೆ .296. ಆದರೆ ಆ ಎರಡನೇ ಅರ್ಧದಲ್ಲಿ 258 ಹೋಮ್ ರನ್ ಬಂದವು, ಒಟ್ಟು ಸಂಖ್ಯೆ 703 ಮುಟ್ಟಿತು, ಹಿಟ್‌ಗಳು 3,384ಕ್ಕೆ ಏರಿದವು. 2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದೇ ರಾತ್ರಿ 699 ಮತ್ತು 700ನೇ ಹೋಮ್ ರನ್ ಹೊಡೆದಾಗ ಅವರಿಗೆ 42 ವರ್ಷ. ಇದನ್ನೆಲ್ಲ ಗಳಿಸಲು ಕೊಟ್ಟ ಬೆಲೆ ಸರಾಸರಿಯ 32 ಅಂಶ. ನಷ್ಟ ಅಂತೀರಾ? ನಾನಂತೂ ಅನ್ನಲಾರೆ.

3,000 ಹಿಟ್ ಮತ್ತು 500 ಹೋಮ್ ರನ್ ಎರಡನ್ನೂ ದಾಟಿದವರು ಇಡೀ ಇತಿಹಾಸದಲ್ಲಿ ಏಳೇ ಜನ: ಹ್ಯಾಂಕ್ ಆರನ್, ವಿಲ್ಲಿ ಮೇಸ್, ಎಡ್ಡಿ ಮರ್ರಿ, ರಫಾಯೆಲ್ ಪಾಲ್ಮೇರೋ, ಅಲೆಕ್ಸ್ ರೋಡ್ರಿಗಸ್, ಪೂಹೋಲ್ಸ್, ಮಿಗೆಲ್ ಕಬ್ರೇರಾ. ಇವರಲ್ಲಿ .300 ಕೂಡ ಉಳಿಸಿಕೊಂಡವರು ಆರನ್, ಮೇಸ್, ಕಬ್ರೇರಾ ಮಾತ್ರ. ಆರನ್ ಬಗ್ಗೆ ಒಂದು ಮಾತು ಹೇಳಲೇಬೇಕು. 755 ಹೋಮ್ ರನ್ ಎಂದರೆ ಎಲ್ಲರಿಗೂ ಅವರು ನೆನಪಾಗುತ್ತಾರೆ. ಒಂದೇ ವರ್ಷದಲ್ಲಿ ಅವರು ಐವತ್ತು ಹೋಮ್ ರನ್ ಹೊಡೆದದ್ದು ಒಮ್ಮೆಯೂ ಇಲ್ಲ. ಇಪ್ಪತ್ತಮೂರು ವರ್ಷ ಬಿಡದೆ ಆಡಿದ್ದರಿಂದ ಬಂದ ಸಂಖ್ಯೆ ಅದು. ಅವರ 3,771 ಹಿಟ್‌ಗಳಿಂದ ಆ ಎಲ್ಲ ಹೋಮ್ ರನ್ ತೆಗೆದುಹಾಕಿ, ಇನ್ನೂ 3,016 ಉಳಿಯುತ್ತವೆ. ಆ ಉಳಿಕೆಯೊಂದೇ ಅವರನ್ನು 3,000ದ ಗುಂಪಿಗೆ ಸೇರಿಸಲು ಸಾಕು.

ದೀರ್ಘಕಾಲ ಆಡಿದವರ ಅಂಕಿಗಳಲ್ಲಿ ಹೀಗೆ ಎರಡು ಎಳೆತ ಇರುತ್ತವೆ. ಚೆನ್ನಾಗಿ ಹೊಡೆಯುವವರನ್ನು ಮಾತ್ರ ತಂಡಗಳು ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತವೆ. ಹಾಗಾಗಿ ಅವರ ಸರಾಸರಿ ಲೀಗಿನ ಸರಾಸರಿಗಿಂತ ಮೇಲೇ ಇರುತ್ತದೆ. ಆದರೆ ಹಾಗೆ ಉಳಿದ ಕಾರಣಕ್ಕೇ ಅವರ ಇಳಿಗಾಲದ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಬೇಗ ಮನೆಗೆ ಹೋದವನ ಸರಾಸರಿ ಯೌವನದ್ದು. ಕೊನೆಯವರೆಗೆ ನಿಂತವನದು ಯೌವನ, ಮಧ್ಯ, ಮುಪ್ಪು ಮೂರನ್ನೂ ಸೇರಿಸಿದ್ದು. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದು ಮೇಲೆ ಕೆಳಗೆ ಎನ್ನುವುದು ಸರಿಯಲ್ಲ, ಅಲ್ವಾ?

ಪೀಟ್ ರೋಸ್ ಇದರ ತುತ್ತತುದಿ. 24 ಸೀಸನ್, 3,562 ಆಟ, 14,053 ಅಟ್ ಬ್ಯಾಟ್, 4,256 ಹಿಟ್. ಆಟ, ಅಟ್ ಬ್ಯಾಟ್, ಹಿಟ್ ಈ ಮೂರು ದಾಖಲೆಗಳೂ ಇವತ್ತಿಗೂ ಅವರವೇ. ಸರಾಸರಿ .303. ಕೊನೆಯ ವರ್ಷಗಳಲ್ಲಿ ಅವರು ಸಿನ್ಸಿನಾಟಿ ರೆಡ್ಸ್ ತಂಡದ ಆಟಗಾರನೂ ಹೌದು, ಮ್ಯಾನೇಜರೂ ಹೌದು. ಅಂದರೆ ತಂಡದ ಪಟ್ಟಿಯಲ್ಲಿ ತಮ್ಮ ಹೆಸರನ್ನು ತಾವೇ ಬರೆಯುತ್ತಿದ್ದರು. 1986ರಲ್ಲಿ, 45ನೇ ವಯಸ್ಸಿನಲ್ಲಿ, .219 ಹೊಡೆದು ಆಟ ನಿಲ್ಲಿಸಿದರು. ಬೇರೆ ಮ್ಯಾನೇಜರ್ ಇದ್ದಿದ್ದರೆ ಇಷ್ಟು ದಿನ ಆಡಿಸುತ್ತಿದ್ದರೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಟ್ಟಿಂಗ್ ಕಾರಣಕ್ಕೆ ಅವರನ್ನು ಆಟದಿಂದ ಹೊರಗಿಟ್ಟದ್ದು ಬೇರೆಯದೇ ವಿಷಯ. 2024ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಆ ನಿಷೇಧ ತೆಗೆದರು.

ರೋಸ್ ಹಿಂದೆ ಹಾಕಿದ್ದು ಟೈ ಕಾಬ್ ಅವರನ್ನು. ಇಲ್ಲಿ ಅಂಕಿಗಳನ್ನು ಪ್ರೀತಿಸುವವರಿಗೆ ಒಂದು ಸ್ವಾರಸ್ಯ ಇದೆ. ಕಾಬ್ ಹಿಟ್‌ಗಳು 4,191 ಎಂದು ದಶಕಗಳಿಂದ ಎಲ್ಲರೂ ನಂಬಿದ್ದರು. ಆಮೇಲೆ ಹಳೆಯ ದಾಖಲೆ ಹುಡುಕಿದವರಿಗೆ 1910ರ ಒಂದು ಆಟ ಲೆಡ್ಜರಿನಲ್ಲಿ ಎರಡು ಸಲ ಬರೆದುಹೋಗಿದ್ದು ಕಾಣಿಸಿತು. ಆ ಆಟದಲ್ಲಿ ಕಾಬ್ ಎರಡು ಹಿಟ್ ಹೊಡೆದಿದ್ದರು. ಅಂದರೆ ನಿಜವಾದ ಸಂಖ್ಯೆ 4,189. ಮೇಜರ್ ಲೀಗ್‌ನ ಅಂದಿನ ಮುಖ್ಯಸ್ಥ, ಅಂದರೆ ಕಮಿಷನರ್, ಅಧಿಕೃತ ದಾಖಲೆ ತಿದ್ದಲು ಒಪ್ಪಲಿಲ್ಲ. ಹಾಗಾಗಿ ಇವತ್ತಿಗೂ ಒಂದು ಕಡೆ ಅವರ ಸರಾಸರಿ .367, ಇನ್ನೊಂದು ಕಡೆ .366. ಇದರ ಪರಿಣಾಮ ನೋಡಿ. ರೋಸ್ ದಾಖಲೆ ಮುರಿದದ್ದು 1985ರ ಸೆಪ್ಟೆಂಬರ್ 11ರಂದು, ತಮ್ಮ ಊರಿನ ಮೈದಾನದಲ್ಲಿ, ಕಿಕ್ಕಿರಿದ ಜನರ ಎದುರು ಎಂದು ಪುಸ್ತಕಗಳಲ್ಲಿದೆ. 4,189 ಸರಿ ಎಂದಾದರೆ ದಾಖಲೆ ಮುರಿದದ್ದು ಮೂರು ದಿನ ಮೊದಲೇ, ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ. ಆ ದಿನ ಎದುರಾಳಿ ತಂಡ ಎಡಗೈ ಪಿಚರ್‌ನನ್ನು ಇಳಿಸಬೇಕಿತ್ತು. ಹಾಗಾಗಿ ರೋಸ್ ಆಡುವ ಯೋಚನೆಯಲ್ಲಿರಲಿಲ್ಲ. ಆ ಪಿಚರ್‌ಗೆ ಗಾಯವಾಗಿ ಬಲಗೈ ಪಿಚರ್ ಬಂದ ಮೇಲೆ ಕೊನೆ ಗಳಿಗೆಯಲ್ಲಿ ತಮ್ಮ ಹೆಸರು ಸೇರಿಸಿಕೊಂಡರು, ಎರಡು ಹಿಟ್ ಹೊಡೆದರು. ದಾಖಲೆ ಮುರಿದುಬಿದ್ದದ್ದು ಅಲ್ಲಿದ್ದ ಬಹುತೇಕರಿಗೆ ಗೊತ್ತೇ ಆಗಲಿಲ್ಲ.

ಸರಾಸರಿಯ ಪಟ್ಟಿಯಲ್ಲಿ ಕಾಬ್ ಈಗ ಮೊದಲಿಗರೂ ಅಲ್ಲ. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಹಳೆಯ ನೀಗ್ರೋ ಲೀಗ್‌ಗಳ ಅಂಕಿಗಳನ್ನು ತನ್ನ ದಾಖಲೆಗೆ ಸೇರಿಸಿತು. 1920ರಿಂದ 1948ರವರೆಗೆ ಕಪ್ಪು ಆಟಗಾರರು ಆಡಿದ ಏಳು ಲೀಗ್‌ಗಳು ಅವು. ಮೇಜರ್ ಲೀಗ್‌ನಲ್ಲಿ 1947ರವರೆಗೆ ಅವರಿಗೆ ಪ್ರವೇಶವೇ ಇರಲಿಲ್ಲ. ಈ ಸೇರ್ಪಡೆಯಿಂದ ಜಾಶ್ ಗಿಬ್ಸನ್ .372 ಸರಾಸರಿಯೊಂದಿಗೆ ಎಲ್ಲರ ಮೇಲೆ ಬಂದರು. ಒಂದೇ ಸೀಸನ್‌ನ ದಾಖಲೆಯೂ ಅವರದೇ, 1943ರ .466.

ಇದಕ್ಕೆ ಆಕ್ಷೇಪ ಬಂತು. ಗಿಬ್ಸನ್ ಅವರ ದಾಖಲಾದ ಅಟ್ ಬ್ಯಾಟ್‌ಗಳು ಎರಡು ಸಾವಿರಕ್ಕೆ ಸ್ವಲ್ಪ ಮೇಲೆ, ಕಾಬ್ ಅವರದು ಹನ್ನೊಂದು ಸಾವಿರಕ್ಕೂ ಜಾಸ್ತಿ, ಇವೆರಡನ್ನು ಹೋಲಿಸೋದು ಹೇಗೆ ಎಂದರು. ಅಂಕಿಗಳ ಮಟ್ಟಿಗೆ ಈ ಮಾತು ಸರಿ. ಚಿಕ್ಕ ಸಂಖ್ಯೆಯಲ್ಲಿ ಏರಿಳಿತ ಜಾಸ್ತಿ ಇರುತ್ತದೆ. ಆದರೆ ಆ ಸಂಖ್ಯೆ ಯಾಕೆ ಚಿಕ್ಕದು? ಅವರ ಲೀಗಿನ ಸೀಸನ್ ಚಿಕ್ಕದು. ಹೊಟ್ಟೆಪಾಡಿಗೆ ಊರೂರು ತಿರುಗಿ ಆಡಿದ ಆಟಗಳು ಲೆಕ್ಕಕ್ಕೆ ಬರಲಿಲ್ಲ. ಹಲವು ಆಟಗಳ ಸ್ಕೋರ್ ಪಟ್ಟಿಗಳು ಇನ್ನೂ ಸಿಕ್ಕಿಲ್ಲ. 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ಗಿಬ್ಸನ್ ತೀರಿಕೊಂಡರು. ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟದ್ದು ಅದೇ ವರ್ಷ ಏಪ್ರಿಲ್ 15ಕ್ಕೆ. ಮೂರೇ ತಿಂಗಳ ಅಂತರ. ಆಡಲು ಬಿಡದೆ ಇದ್ದು, ಆಮೇಲೆ ಕಡಿಮೆ ಆಡಿದ್ದಾನೆ ಎನ್ನುವುದು ನನಗೆ ಸಹಿಸಲಾಗದ ಮಾತು. ಇನ್ನೊಂದು ಕಡೆಯನ್ನೂ ನೋಡಬೇಕು. ಮೇಜರ್ ಲೀಗ್‌ನಲ್ಲಿ ಕಾಬ್ ಎದುರಿಸಿದ ಪಿಚರ್‌ಗಳಲ್ಲಿ ಒಬ್ಬನೂ ಕಪ್ಪು ಆಟಗಾರ ಇರಲಿಲ್ಲ. ಬೇಲಿ ಹಾಕಿದ ಮೇಲೆ ಎರಡೂ ಕಡೆಯ ಅಂಕಿಗಳು ಅರ್ಧ ಸತ್ಯವೇ. ನನ್ನ ಮಟ್ಟಿಗೆ ಗಿಬ್ಸನ್ ಮೇಲಿರುವುದು ಸರಿ. 24 ವರ್ಷ ಆಡಿ .366 ಉಳಿಸಿಕೊಂಡ ಕಾಬ್ ಸಾಧನೆ ಬೇರೆ ತೂಕದ್ದು ಎನ್ನುವುದೂ ಸರಿ.

ಕಾಲದ ವ್ಯತ್ಯಾಸ ಇನ್ನೂ ದೊಡ್ಡದು. 1930ರಲ್ಲಿ ಇಡೀ ನ್ಯಾಷನಲ್ ಲೀಗ್‌ನ ಸರಾಸರಿ .303. ಅಂದರೆ ಆ ವರ್ಷ .300 ಹೊಡೆದವನು ಸಾಧಾರಣಕ್ಕಿಂತ ಒಂದು ಮೆಟ್ಟಿಲು ಕೆಳಗೆ! 1968ರಲ್ಲಿ ಎರಡೂ ಲೀಗ್ ಸೇರಿ .237. ಆ ವರ್ಷ ಕಾರ್ಲ್ ಯಾಸ್ಟ್ರಮ್‌ಸ್ಕಿ .301ಕ್ಕೆ ಅಮೆರಿಕನ್ ಲೀಗಿನ ಪಟ್ಟ ಗೆದ್ದರು. ಪಿಚರ್‌ಗಳ ಕೈ ಅಷ್ಟು ಮೇಲಾಗಿತ್ತು. ಮರುವರ್ಷವೇ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಈಗಿನ ಲೀಗ್ ಸರಾಸರಿ .245ರ ಸುತ್ತಮುತ್ತ, ಅಂದರೆ 1968ಕ್ಕೆ ಹತ್ತಿರ. ಊರಿಗೆ ಊರಿಗೂ ವ್ಯತ್ಯಾಸ ಉಂಟು. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲೇ ಹದಿನೇಳು ವರ್ಷ ಆಡಿದ ಟಾಡ್ ಹೆಲ್ಟನ್ ಊರಿನಲ್ಲಿ .345 ಹೊಡೆದರು, ಹೊರಗೆ .287. ಅದಕ್ಕೇ ಬೇಸ್ ಸೇರುವ ಪ್ರಮಾಣ ಮತ್ತು ಹೊಡೆತದ ಬಲ ಎರಡನ್ನೂ ಕೂಡಿಸಿ, ಕಾಲ ಮತ್ತು ಮೈದಾನ ಎರಡನ್ನೂ ಸರಿದೂಗಿಸಿ, ಆ ವರ್ಷದ ಸಾಧಾರಣ ಬ್ಯಾಟರ್‌ಗೆ 100 ಎಂದು ಇಟ್ಟುಕೊಂಡು ಅಳೆಯುವ 'ಓಪಿಎಸ್ ಪ್ಲಸ್' ಬಂತು. ಈ ಅಳತೆಯಲ್ಲಿ ಬೇಬ್ ರೂತ್ 206, ಟೆಡ್ ವಿಲಿಯಮ್ಸ್ 191. .298 ಸರಾಸರಿಯ ಬ್ಯಾರಿ ಬಾಂಡ್ಸ್ 182. .338 ಸರಾಸರಿಯ ಗ್ವಿನ್ 132.

ಹಾಗಾದರೆ ಈಗ ಹಿಟ್ ಯಾಕೆ ಕಡಿಮೆಯಾಗಿದೆ? ಪಿಚರ್‌ಗಳು ಬದಲಾಗಿದ್ದಾರೆ. 2008ರಲ್ಲಿ ವೇಗದ ಎಸೆತದ ಸರಾಸರಿ ಗಂಟೆಗೆ ಸುಮಾರು 92 ಮೈಲಿ ಇತ್ತು, ಈಗ 94 ದಾಟಿದೆ. ದಿಬ್ಬದಿಂದ ಬ್ಯಾಟರ್ ಪಕ್ಕದ ಪ್ಲೇಟಿಗೆ ಇರುವ 60 ಅಡಿ 6 ಇಂಚು ಮಾತ್ರ 1893ರಿಂದ ಬದಲಾಗಿಲ್ಲ. ಬ್ಯಾಟರ್‌ಗೆ ಸಿಗುವುದು ಸುಮಾರು 0.4 ಸೆಕೆಂಡ್. ಕಾಬ್ ಕಾಲದಲ್ಲಿ ಒಬ್ಬನೇ ಪಿಚರ್ ಬಹಳಷ್ಟು ಸಲ ಇಡೀ ಆಟ ಎಸೆಯುತ್ತಿದ್ದ. ನಾಲ್ಕನೇ ಸಲ ಎದುರಾದಾಗ ಅವನ ಕೈ ಸೋತಿರುತ್ತಿತ್ತು, ಬ್ಯಾಟರ್‌ಗೆ ಅವನ ಎಸೆತ ಪರಿಚಯವಾಗಿರುತ್ತಿತ್ತು. ಈಗ ಐದಾರು ಇನಿಂಗ್ಸ್ ಆದಮೇಲೆ ಒಬ್ಬರ ಹಿಂದೆ ಒಬ್ಬರು ತಾಜಾ ಪಿಚರ್‌ಗಳು ಬರುತ್ತಾರೆ. ಪ್ರತಿಯೊಬ್ಬನೂ ಒಂದೇ ಇನಿಂಗ್ಸ್ ಪೂರ್ತಿ ಬಲ ಹಾಕಿ ಎಸೆಯುತ್ತಾನೆ. ಚೆಂಡಿನ ತಿರುವನ್ನೂ ಕ್ಯಾಮೆರಾ ಇಟ್ಟು ಅಳೆದು ತಿದ್ದಿಕೊಂಡಿರುತ್ತಾನೆ. ಬ್ಯಾಟರ್‌ಗೆ ಸ್ವಲ್ಪ ಸಹಾಯವಾಗಲಿ ಎಂದು 2023ರಲ್ಲಿ ಫೀಲ್ಡರ್‌ಗಳು ಒಂದೇ ಬದಿಗೆ ಗುಂಪುಗೂಡುವುದನ್ನು ನಿಷೇಧಿಸಿದರು. ಲೀಗ್ ಸರಾಸರಿ .243ರಿಂದ .248ಕ್ಕೆ ಏರಿತು. ಮರುವರ್ಷ ಮತ್ತೆ .243.

ಬ್ಯಾಟರ್‌ಗಳೂ ಬದಲಾಗಿದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಗ್ವಿನ್ ಸ್ಯಾನ್ ಡಿಯೇಗೋದಲ್ಲಿ 20 ವರ್ಷ ಆಡಿದರು. ಬ್ಯಾಟ್ ಮಾಡಲು ನಿಂತದ್ದು 10,232 ಸಲ, ಸ್ಟ್ರೈಕ್‌ಔಟ್ (ಚೆಂಡನ್ನು ಸರಿಯಾಗಿ ಹೊಡೆಯಲಾಗದೆ ಮೂರು ಸ್ಟ್ರೈಕ್‌ಗೆ ಔಟ್) ಆದದ್ದು 434 ಸಲ ಅಷ್ಟೇ. ತಮ್ಮ ಬ್ಯಾಟಿಂಗ್ ಅನ್ನು ಟೇಪಿನಲ್ಲಿ ಹಿಡಿದು ಮತ್ತೆ ಮತ್ತೆ ನೋಡುವ ಅಭ್ಯಾಸವನ್ನು ಅವರು ಎಂಬತ್ತರ ದಶಕದಲ್ಲೇ ಶುರುಮಾಡಿದ್ದರು. ತಮ್ಮ ಕಾಲದ ಅತ್ಯಂತ ಜಾಣ ಪಿಚರ್ ಗ್ರೆಗ್ ಮ್ಯಾಡಕ್ಸ್ ಎದುರು ನೂರಕ್ಕೂ ಜಾಸ್ತಿ ಸಲ ನಿಂತರು, ಒಮ್ಮೆಯೂ ಸ್ಟ್ರೈಕ್‌ಔಟ್ ಆಗಲಿಲ್ಲ. ಅರಿಜೋನಾದ ಮಾರ್ಕ್ ರೆನಾಲ್ಡ್ಸ್ 2009ರಲ್ಲಿ 223, 2010ರಲ್ಲಿ 211 ಸಲ ಸ್ಟ್ರೈಕ್‌ಔಟ್ ಆದರು. ಕೂಡಿ ನೋಡಿ, 434. ಗ್ವಿನ್ ಇಪ್ಪತ್ತು ವರ್ಷಕ್ಕೆ ಮುಟ್ಟಿದ ಸಂಖ್ಯೆ ಎರಡೇ ವರ್ಷಕ್ಕೆ. ಹಾಗಂತ ರೆನಾಲ್ಡ್ಸ್ ತಂಡಕ್ಕೆ ಬೇಡವಾಗಿರಲಿಲ್ಲ. 2009ರಲ್ಲಿ 44 ಹೋಮ್ ರನ್ ಹೊಡೆದಿದ್ದರು. ಎದುರಿಗೆ ಮೂರು ಹಿಟ್ ಒಟ್ಟಿಗೆ ಸಿಗದಂಥ ಪಿಚಿಂಗ್ ಇದ್ದಾಗ ಒಂದೇ ಹೊಡೆತಕ್ಕೆ ರನ್ ತರುವುದು ಲಾಭ ಎಂದು ತಂಡಗಳು ಲೆಕ್ಕ ಹಾಕಿದವು. ಬ್ಯಾಟರ್‌ಗಳು ಆ ಲೆಕ್ಕದಂತೆ ಆಡಿದರು.

ಇಲ್ಲಿ ವಾಕ್ ವಿಷಯ ಬರುತ್ತದೆ. ಔಟಾಗದೆ ಬೇಸ್ ಸೇರುವುದೇ ಮುಖ್ಯ ಎಂದಮೇಲೆ ಹಿಟ್ ಆದರೇನು, ವಾಕ್ ಆದರೇನು? ಟೆಡ್ ವಿಲಿಯಮ್ಸ್ ಸರಾಸರಿ .344. ವಾಕ್ ಸೇರಿಸಿ ಅವರು ಬೇಸ್ ಸೇರಿದ ಪ್ರಮಾಣ .482, ಅಂದರೆ ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ. ಬೋಸ್ಟನ್‌ನ ಈ ಮನುಷ್ಯ ಎರಡನೇ ಮಹಾಯುದ್ಧಕ್ಕೆ ಮೂರು ಪೂರ್ತಿ ಸೀಸನ್ ಕೊಟ್ಟರು, ಕೊರಿಯಾ ಯುದ್ಧಕ್ಕೆ ಹೆಚ್ಚುಕಡಿಮೆ ಎರಡು. ಅದರಿಂದಲೇ ಅವರ ಹಿಟ್ 2,654ಕ್ಕೆ ನಿಂತವು. ಅವರಿಗೂ ಸರಾಸರಿಯ ಮೋಹ ಇತ್ತು, ಆದರೆ ಅದರ ಹಿಂದೆ ಅಡಗಿ ಕೂರಲಿಲ್ಲ. 1941ರ ಕೊನೆಯ ದಿನ ಅವರ ಸರಾಸರಿ .39955 ಇತ್ತು. ಆ ದಿನ ಕೂತುಬಿಟ್ಟಿದ್ದರೆ ಪುಸ್ತಕದಲ್ಲಿ .400 ಎಂದೇ ಬರುತ್ತಿತ್ತು. ಮ್ಯಾನೇಜರ್ ಕೂರಲು ಅವಕಾಶ ಕೊಟ್ಟರು. ವಿಲಿಯಮ್ಸ್ ಬೇಡ ಎಂದರು. ಫಿಲಡೆಲ್ಫಿಯಾದಲ್ಲಿ ಅಂದು ಎರಡು ಆಟ. ಎರಡನ್ನೂ ಆಡಿ ಎಂಟಕ್ಕೆ ಆರು ಹಿಟ್ ಹೊಡೆದರು, .406ಕ್ಕೆ ಮುಗಿಸಿದರು. ಅದಾದ ಮೇಲೆ ಮೇಜರ್ ಲೀಗ್‌ನ ಎರಡು ಹಳೆಯ ಲೀಗ್‌ಗಳಲ್ಲಿ ಯಾರೂ ಪೂರ್ತಿ ಸೀಸನ್ .400 ಮುಟ್ಟಿಲ್ಲ.

ಮಾರುಕಟ್ಟೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಲೂಯಿಸ್ ಅರಾಯಿಸ್ 2022ರಿಂದ 2024ರವರೆಗೆ ಸತತ ಮೂರು ವರ್ಷ, ಮೂರು ಬೇರೆ ಬೇರೆ ತಂಡಗಳಲ್ಲಿ ಬ್ಯಾಟಿಂಗ್ ಪಟ್ಟ ಗೆದ್ದರು. ಹಿಂದೆ ಯಾರೂ ಮಾಡದ ಕೆಲಸ ಅದು. ಪಟ್ಟ ಗೆದ್ದವನನ್ನೇ ತಂಡಗಳು ಕೈಬದಲಾಯಿಸುತ್ತಿದ್ದವು ಎನ್ನುವುದನ್ನೂ ಗಮನಿಸಿ. ಹ್ವಾನ್ ಸೋಟೋ ಸರಾಸರಿ .285 ಇದ್ದಾಗ, 2024ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ಮೆಟ್ಸ್ ಅವರಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ಅವರು ಬೇಸ್ ಸೇರುವ ಪ್ರಮಾಣ .420ರ ಆಸುಪಾಸು. ದುಡ್ಡು ಹೋದದ್ದು ಅದಕ್ಕೆ.

ಆದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಪತ್ರಕರ್ತರ, ಅದಕ್ಕಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ .300 ಮತ್ತು 3,000 ಇನ್ನೂ ಕೂತಿವೆ. 3,000 ಹಿಟ್ ದಾಟಿದವರು ಇದುವರೆಗೆ 33 ಜನ. ಕೊನೆಯವರು 2022ರ ಏಪ್ರಿಲ್‌ನಲ್ಲಿ ಸೇರಿದ ಕಬ್ರೇರಾ. ಅವರ ಹಿಂದೆ ಹತ್ತಿರದಲ್ಲಿರುವವರು ಲಾಸ್ ಏಂಜಲಿಸ್‌ನ ಫ್ರೆಡ್ಡಿ ಫ್ರೀಮನ್ ಮತ್ತು ಹ್ಯೂಸ್ಟನ್‌ನ ಹೋಸೆ ಅಲ್ಟೂವೆ. 2025ರ ಕೊನೆಗೆ ಇಬ್ಬರೂ 2,400ರ ಆಸುಪಾಸಿನಲ್ಲಿದ್ದರು. ಫ್ರೀಮನ್ ಸರಾಸರಿ ಸರಿಯಾಗಿ .300ರ ಗೆರೆಯ ಮೇಲೆ, ಅಲ್ಟೂವೆಯದು .303.

ಫ್ರೀಮನ್‌ಗೆ 2025ರ ಸೆಪ್ಟೆಂಬರ್‌ನಲ್ಲಿ 36 ತುಂಬಿತು. 3,000 ಮುಟ್ಟಲು ಇನ್ನೂ 570ರಷ್ಟು ಹಿಟ್ ಬೇಕು. ವರ್ಷಕ್ಕೆ 150 ಬಂದರೂ ನಾಲ್ಕು ಸೀಸನ್, ಅಂದರೆ ನಲವತ್ತು ವರ್ಷದವರೆಗೆ ಆಡಬೇಕು. ಈಗಿನ ಪಿಚಿಂಗ್ ಎದುರು, ಆ ವಯಸ್ಸಿನಲ್ಲಿ, ನಾಲ್ಕು ವರ್ಷವೂ .300 ಹೊಡೆಯುವುದು ಬಹುತೇಕ ಆಗದ ಮಾತು. ಹಾಗಾಗಿ ಅವರಿಗೆ ಎರಡರಲ್ಲಿ ಒಂದು ಸಿಗಬಹುದು. ಬೇಗ ನಿಲ್ಲಿಸಿದರೆ .300, ನಿಂತು ಆಡಿದರೆ 3,000. ಅವರು ಆಡಲಿ ಎಂದು ನನ್ನ ಆಸೆ. .297 ಸರಾಸರಿಯಲ್ಲಿ 3,007 ಹಿಟ್ ಗಳಿಸಿದ ಆಲ್ ಕೇಲೈನ್, .285ರಲ್ಲಿ 3,419 ಗಳಿಸಿದ ಯಾಸ್ಟ್ರಮ್‌ಸ್ಕಿ, .276ರಲ್ಲಿ 3,184 ಗಳಿಸಿದ ಕ್ಯಾಲ್ ರಿಪ್ಕಿನ್ ಮೂವರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಮೂವರನ್ನೂ ಮೊದಲ ಸಲದ ಮತದಾನದಲ್ಲೇ ಆರಿಸಿದ್ದರು.